ಗ್ರೂಪಿನ ಮರ್ಯಾದೆಯೂ ನನ್ನ ಬಾಯಿಯೂ

ಮೊಬೈಲಿನಲ್ಲಿ ಮಾತಾಡಿ ಕಳಿಸುವುದು ನನಗೆ ಚೆನ್ನಾಗಿ ಬರುತ್ತದೆ. ಬರೆಯಲು ಹೋದರೆ ಅಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತದೆ. ಮೈಕಿನ ಗುರುತು ಒತ್ತಿ ಹಿಡಿದರೆ ಸಾಕು, ಉಳಿದದ್ದನ್ನು ನನ್ನ ಬಾಯಿ ನೋಡಿಕೊಳ್ಳುತ್ತದೆ. ಈ ವಿದ್ಯೆಯಿಂದ ಮೊಮ್ಮಗಳಿಗೆ ಉಪಕಾರ ಮಾಡಲು ಹೊರಟೆ!

ಮೊಮ್ಮಗಳು ಈಶಾ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತಾಳೆ. ತಬಲೆ ಇಲ್ಲ, ಹಾರ್ಮೋನಿಯಂ ಇಲ್ಲ, ಹಾಡುವವರೂ ಇಲ್ಲ. ಢಬ್ ಢಬ್ ಎಂದು ಶುರುವಾದರೆ ಭಾಂಡುಪಿನ ನಮ್ಮ ಮನೆಯ ಸ್ಟೀಲ್ ಲೋಟಗಳೆಲ್ಲ ಒಂದನ್ನೊಂದು ಮಾತಾಡಿಸುತ್ತವೆ. ಇಂಥದ್ದೇ ಮಾಡುವ ಮುಂಬೈಯ ಮಕ್ಕಳು ಮೊಬೈಲಿನಲ್ಲಿ ಒಂದು ಗ್ರೂಪ್ ಕಟ್ಟಿಕೊಂಡಿದ್ದಾರೆ. ಒಬ್ಬರು ಮಾಡಿ ಹಾಕುವುದು, ಉಳಿದವರು ಕೇಳಿ ಅಭಿಪ್ರಾಯ ಹೇಳುವುದು. ಆ ಭಾನುವಾರ ಪರೇಲಿನ ಹಳೆಯ ಮಿಲ್ಲಿನ ಹಾಲ್‌ನಲ್ಲಿ ಎಲ್ಲರೂ ಸೇರುವುದಿತ್ತು. ಈಶಾಳಿಗೆ ಜನರೆದುರು ನುಡಿಸುವ ಸರದಿ ಮೊದಲ ಬಾರಿಗೆ ಸಿಕ್ಕಿತ್ತು.

ನುಡಿಸಬೇಕೆಂದಿದ್ದನ್ನು ಅವಳು ಗ್ರೂಪಿಗೆ ಹಾಕಿ ಕಾದಳು. ಒಬ್ಬರೂ ತುಟಿ ಬಿಚ್ಚಲಿಲ್ಲ. ಹುಡುಗಿ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಅನ್ನ ಕಲಸುತ್ತಲೇ ಇದ್ದಳು.

"ಎಂತ ಮಾರಾಯ್ತಿ, ಹೇಗುಂಟು ಅಂತ ನೀನೇ ಕೇಳಿದ್ರೆ ಆಯ್ತಲ್ಲ?"

"ಹಾಗೆ ಕೇಳ್ಬಾರ್ದು ಅಜ್ಜಿ, ರೂಲ್ ಇದೆ. ಬಹುತ್ ಇನ್ಸಲ್ಟ್ ಆಗತ್ತೆ."

ಬಡಿಸಿದವರು ಉಪ್ಪು ಸಾಕಾ ಎಂದು ಕೇಳುವುದು ಯಾವ ಲೋಕದಲ್ಲಿ ತಪ್ಪು? ಬೈಕುಲ್ಲಾದಲ್ಲಿ ನಮ್ಮವರ ಹೋಟೆಲು ನಡೆದದ್ದೇ ಹಾಗೆ. ಈಶಾ ಸ್ನಾನಕ್ಕೆ ಹೋದದ್ದೇ ತಡ, ಅವಳ ಮೊಬೈಲ್ ಎತ್ತಿಕೊಂಡೆ. ನನ್ನ ಮುಂಬೈ ಹಿಂದಿಯಲ್ಲಿ ಹೇಳಿದ್ದು ಇಷ್ಟೇ: "ನಾನು ಈಶಾನ ಅಜ್ಜಿ. ಮಗು ಮಾಡಿ ಹಾಕಿದ್ದನ್ನು ಕೇಳಿದಿರಾ ಇಲ್ಲವಾ? ಚೆನ್ನಾಗುಂಟು ಅನ್ನಲಿಕ್ಕೆ ನಿಮಗೆ ಎಂತ ದಾಡಿ? ಇಲ್ಲಿ ಅವಳು ಸರಿಯಾಗಿ ಊಟ ಮಾಡ್ತಾ ಇಲ್ಲ!"

ಟಿಂಗ್ ಟಿಂಗ್ ಎಂದು ಉತ್ತರಗಳು ಬಂದೇ ಬಂದವು. ಎಲ್ಲವೂ ಖಾಲಿ ಬಟ್ಟಲಿನ ಚಿತ್ರ! ಪಾಪ, ಹಸಿದಿದ್ದಾರೆ ಎಂದುಕೊಂಡೆ. "ಎಲ್ಲರೂ ಮನೆಗೆ ಬನ್ನಿ, ನೀರುದೋಸೆ ಮಾಡ್ತೇನೆ" ಎಂದು ಇನ್ನೊಂದು ಕಳಿಸಿದೆ.

ಈಶಾ ಬಂದು ನೋಡಿದವಳು ಒದ್ದೆ ಕೂದಲಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಜ್ಜೀ, ಯೇ ಕ್ಯಾ ಕಿಯಾ! ಹೊಗಳಿ ಅಂತ ಬೇಡೋರಿಗೆ ಭಿಕ್ಷೆ ಬಟ್ಟಲು ಕಳಿಸ್ತಾರೆ. ತಮಾಷೆಗೆ. ನೀವು ಮೇಲಿಂದ ದೋಸೆ ಲಂಚ ಕೊಟ್ರಿ!"

ಬೇಡಿದವರ ಸರದಿ ರದ್ದು. ಅದೂ ರೂಲ್!

ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕೊನೆಗೆ ಗ್ರೂಪಿನ ಯಜಮಾನನಿಗೆ ವಿಡಿಯೋ ಕಾಲ್ ಮಾಡಿಸಿದೆ. ಓಂಕಾರ್ ಎಂದು ಹೆಸರು, ಮರಾಠಿ ಹುಡುಗ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಗಾಂಭೀರ್ಯ ಮಾತ್ರ ಹೈಕೋರ್ಟಿನದು.

"ಆಜಿ, ರೂಲ್ ಅಂದ್ರೆ ರೂಲ್."

"ಬೇಡಿದ್ದು ನಾನು, ಅವಳ ಸರದಿ ಯಾಕೆ ಹೋಗಬೇಕು? ನನ್ನದು ಎಂತಾದ್ರೂ ಇದ್ರೆ ಅದನ್ನು ರದ್ದು ಮಾಡು."

ಅವನು ಯೋಚಿಸಿ ತೀರ್ಪು ಕೊಟ್ಟ. ಭಾನುವಾರ ನುಡಿಸುವ ಉಳಿದವರದೆಲ್ಲ ನಾನು ಕೇಳಬೇಕು, ಒಂದೊಂದಕ್ಕೂ ನಿಜವಾದ ಮಾತು ಹೇಳಬೇಕು. ಬರೀ ಹೊಗಳಿದರೆ ನಡೆಯುವುದಿಲ್ಲ. ಬರೀ ಹೊಗಳುವ ಅಭ್ಯಾಸ ನನಗೆ ಎಲ್ಲಿಂದ ಬರಬೇಕು!

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಒಬ್ಬನಿಗೆ, "ನೀರು ಹಾಕದೆ ಕಾಯಿ ರುಬ್ಬಿದ ಹಾಗುಂಟು" ಎಂದೆ. ಇನ್ನೊಬ್ಬಳಿಗೆ, "ಲೋಕಲ್ ಟ್ರೇನಿನ ಹಾಗೆ ಚೆಂದ ಹೊರಟಿತು, ಆದರೆ ಎಲ್ಲಿಯೂ ನಿಲ್ಲುವುದೇ ಇಲ್ಲವಲ್ಲ, ಇಳಿಯುವವರು ಎಂತ ಮಾಡ್ಬೇಕು?" ಓಂಕಾರನಿಗೆ, "ನಿನ್ನದು ಶುರುವಾಗುವಷ್ಟರಲ್ಲಿ ನಾನು ಬೀನ್ಸ್ ಹೆಚ್ಚಿ ಮುಗಿಸಿದೆ ಮಗಾ."

ಸರದಿ ವಾಪಸ್ ಬಂತು. ಈಶಾ ನನ್ನ ಕುತ್ತಿಗೆಗೆ ಜೋತುಬಿದ್ದು, "ಮತ್ತೆ ನನ್ನದು? ಸಚ್ ಬೋಲೋ" ಎಂದಳು.

ಸತ್ಯವೇನೆಂದರೆ ಅವಳದನ್ನು ನಾನು ಪೂರ್ತಿ ಕೇಳಿರಲೇ ಇಲ್ಲ. ಊರವರಿಗೆಲ್ಲ ದಾಡಿ ಎಂದು ಬೈದವಳು ನಾನು! "ಪರೇಲಿನಲ್ಲಿ ಕೇಳಿ ಹೇಳ್ತೇನೆ" ಎಂದು ಜಾರಿಕೊಂಡೆ.

ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ನನಗೊಂದು ಸೋಫಾ ಕೊಟ್ಟರು. ಏಸಿ ತಣ್ಣಗಿತ್ತು. ಸೋಫಾದೊಳಗಿಂದ ಆ ಢಬ್ ಢಬ್ ಬೆನ್ನಿಗೆ ಹಿತವಾಗಿ ಬಡಿಯುತ್ತಿತ್ತು. ಈಶಾ ಶುರುಮಾಡಿದಳು. ಗಮನವಿಟ್ಟು ಕೇಳೋಣವೆಂದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಚಪ್ಪಾಳೆ ಬೀಳುತ್ತಿತ್ತು. ನನ್ನ ಮೈಮೇಲೆ ಈಶಾಳ ಜಾಕೆಟ್.

ಆಮೇಲೆ ವಿಡಿಯೋ ತೋರಿಸಿದರು. ಜನ ಕುಣಿಯುತ್ತಿದ್ದಾರೆ. ಹುಡುಗಿ ಮಧ್ಯದಲ್ಲೇ ಮೆಷಿನ್ ಬಿಟ್ಟು ಇಳಿದು ಓಡಿಬಂದು, ನನಗೆ ಹೊದೆಸಿ, ಪುನಃ ಓಡುತ್ತಾಳೆ. ಎರಡು ಸಲ ನೋಡಿದೆ. ಕಣ್ಣಿಗೆ ಏಸಿ ಗಾಳಿ ತಾಗಿತ್ತು, ಬೇರೇನಿಲ್ಲ.

ಈಗ ಗ್ರೂಪಿನಲ್ಲಿ ಯಾರ ಸಂಗೀತವಾದರೂ ಸಪ್ಪೆಯಾದರೆ ನಾನು ಸೋಫಾದಲ್ಲಿ ನಿದ್ದೆ ಹೋದ ಚಿತ್ರ ಹಾಕುತ್ತಾರಂತೆ. ಬಾಯಿ ಪೂರ್ತಿ ತೆರೆದಿದೆ, ಆದರೆ ಮಾತು ಹೊರಡುತ್ತಿಲ್ಲ. ಆ ಗ್ರೂಪಿನಲ್ಲಿ ನಾನು ಮರ್ಯಾದೆಯಿಂದ ಇದ್ದದ್ದು ಅದೊಂದೇ ಸಲ!