ಬೂಟು ಕಚ್ಚುವ ಪೆಡಲು

ನನ್ನ ಕಸುಬು ಹಲ್ಲಿನ ಡಾಕ್ಟರಿಕೆ. ಹವ್ಯಾಸ, ಭಾನುವಾರ ಬೆಳಗ್ಗೆ ತುರಹಳ್ಳಿಯ ಕಲ್ಲುದಾರಿಯಲ್ಲಿ ಸೈಕಲ್ ಹತ್ತಿಸುವುದು. ಎರಡರಲ್ಲೂ ನನ್ನ ಕೈ ಪಳಗಿದೆ. ಆದರೂ ನಗೆಪಾಟಲಾಗುವ ಸಂದರ್ಭಗಳು ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ. ಈಚೆಗಂತೂ ಎಲ್ಲ ಬರುತ್ತಿರುವುದು ಹೊಸ ಪೆಡಲಿನ ಕಡೆಯಿಂದ. ಇದಕ್ಕೆಂದೇ ಇರುವ ಬೂಟಿನ ಅಡಿಯಲ್ಲಿ ಒಂದು ಲೋಹದ ತುಂಡು ಇರುತ್ತದೆ. ಪೆಡಲಿನ ಮೇಲೆ ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಎಂಥ ಏರಿನಲ್ಲೂ ಕಾಲು ಜಾರುವುದಿಲ್ಲ. ಆ ಸುಖ ಕಂಡ ಮೇಲೆ ಹಳೇ ಪೆಡಲಿಗೆ ಮರಳಲು ನನಗೆ ಮನಸ್ಸೇ ಬಾರದು.

೧. ಎಡಗಡೆಯ ಹಟ

ಜೋಡಿಸಿಕೊಳ್ಳಲು ಅಂಗಡಿಗೆ ಯಾಕೆ ಹೋಗಬೇಕು? ದಿನಾ ಜನರ ದವಡೆಗೆ ಸ್ಕ್ರೂ ಹಾಕುವವಳು ನಾನು. ಬಲಗಡೆಯ ಹಳೇ ಪೆಡಲು ಸಲೀಸಾಗಿ ಬಿಚ್ಚಿ ಬಂತು. ಎಡಗಡೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನನ್ನ ಯಜಮಾನರನ್ನು ಕರೆದೆ. ಅವರು ಇಂಜಿನಿಯರ್. ಸ್ಪ್ಯಾನರ್‌ಗೆ ಜೋತುಬಿದ್ದರು. ಆಮೇಲೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರೂ ಬಂದರು. ಮೂವರೂ ಬೆವರಿ ನೀರಾದ ಮೇಲೆ, ಯಜಮಾನರು ಹೊಸ ಪೆಡಲಿನ ಡಬ್ಬಿಯಲ್ಲಿದ್ದ ಚೀಟಿಯನ್ನು ಓದಿದರು.

"ಎಡಗಡೇದು ಉಲ್ಟಾ ತಿರುಗಿಸಬೇಕಂತೆ ಕಣೇ."

"ಹಾಗಾದ್ರೆ ಇಷ್ಟೊತ್ತು ನಾವು ಮಾಡಿದ್ದೇನು?"

"ಟೈಟ್ ಮಾಡಿದ್ವಿ," ಎಂದರು. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಸಖತ್ತಾಗಿ ಮಾಡಿದೀವಿ."

೨. ನೋವಾಗಲ್ಲ, ಬನ್ನಿ

ಅಂತೂ ಹೊಸ ಪೆಡಲು ಕೂತಿತು. ಮಾರನೇ ದಿನ ಗೇಟಿನ ಮುಂದೆ ನಿಧಾನವಾಗಿ ಅಭ್ಯಾಸ ಮಾಡುತ್ತಿದ್ದೆ. ಎದುರು ಮನೆಯ ಆಂಟಿ ಕೆನ್ನೆ ಹಿಡಿದುಕೊಂಡು ಬಂದರು.

"ಡಾಕ್ಟ್ರೇ, ದವಡೆ ಹಲ್ಲು ಕೀಳಿಸಬೇಕು. ಭಯ ಆಗತ್ತಮ್ಮ."

ರೋಗಿಗೆ ಧೈರ್ಯ ಹೇಳುವಾಗ ನಾನು ಯಾವಾಗಲೂ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ. ಹಾಗೇ ನಿಂತೆ. ನಿಂತದ್ದು ಸೈಕಲ್, ಕಾಲು ಪೆಡಲಿನಲ್ಲೇ ಇತ್ತು. "ಏನೂ ಭಯ ಪಡಬೇಡಿ ಆಂಟಿ, ನಾನಿದೀನಲ್ಲ, ಸ್ವಲ್ಪಾನೂ ನೋವಾಗಲ್ಲ," ಎನ್ನುತ್ತಲೇ ಪಕ್ಕಕ್ಕೆ ವಾಲಿ, ಸೈಕಲ್ ಸಮೇತ ಧೊಪ್ಪನೆ ಅವರ ಕಾಲ ಬುಡದಲ್ಲಿ ಬಿದ್ದೆ. ಮಾತು ಮಾತ್ರ ಪೂರ್ತಿ ಮುಗಿಸಿದ್ದೆ.

ಬಾಲ್ಕನಿಯಲ್ಲಿ ನಿಂತು ಎಲ್ಲ ನೋಡಿದ ನಮ್ಮತ್ತೆ ಅಲ್ಲಿಂದಲೇ ತೀರ್ಪು ಕೊಟ್ಟರು. "ನಿನ್ನ ಕೈ ಮುರಿದ್ರೆ ಕ್ಲಿನಿಕ್ ಬಾಗಿಲು ಹಾಕ್ಬೇಕು. ಇನ್ನೊಂದ್ಸಲ ಬಿದ್ದೆ ಅಂದ್ರೆ ಆ ಪೆಡಲು ಗುಜರಿಗೆ." ಅತ್ತೆ ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಹೇಳಿದ ಮೇಲೆ ಮಾಡಿಯೇ ತೀರುವವರು. ನನಗೆ ನಿಜಕ್ಕೂ ದಿಗಿಲಾಯಿತು.

ಆಂಟಿ ಬೇರೆ ಡಾಕ್ಟರ ಹತ್ತಿರ ಹಲ್ಲು ಕೀಳಿಸಿದರು.

೩. ಬೂಟಿನ ಕ್ಲೀನಿಂಗ್

ಸಂದಿಯಲ್ಲಿ ಮಣ್ಣು ಕೂತರೆ ಪೆಡಲು ಬೂಟನ್ನು ಬೇಗ ಬಿಡುವುದಿಲ್ಲ. ಬೀಳದೇ ಇರಬೇಕಾದರೆ ಶುಚಿ ಮುಖ್ಯ. ಬಿಟಿಎಂನಲ್ಲಿರುವ ನನ್ನ ಕ್ಲಿನಿಕ್ಕಿನಲ್ಲಿ ಒಂದು ಮಧ್ಯಾಹ್ನ ಬಿಡುವಿತ್ತು. ದೊಡ್ಡ ಲೈಟು ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು, ಹಲ್ಲು ಕೆರೆಯುವ, ಈಗ ಕೆಲಸಕ್ಕೆ ಬಾರದ ಹಳೇ ಕೊಕ್ಕೆಯಿಂದ ಬೂಟಿನ ಅಡಿಯ ಮಣ್ಣನ್ನು ಕೆರೆಯುತ್ತಾ ಕೂತಿದ್ದೆ. ಹಲ್ಲು ಕ್ಲೀನ್ ಮಾಡಿಸಲು ಬಂದ ಹುಬ್ಬಳ್ಳಿಯ ತರುಣ ಬಾಗಿಲಲ್ಲೇ ನಿಂತುಬಿಟ್ಟ.

"ಮೇಡಂ, ನನ್ನ ಬಾಯಾಗೂ ಇದನ್ನ ಹಾಕ್ತೀರೇನ್ರಿ?"

"ಇಲ್ಲಪ್ಪ, ಇದು ಬೂಟಿಗೇ ಅಂತ ಇಟ್ಟಿರೋದು."

ಅವನು ಬೂಟನ್ನು ನೋಡಿದ, ನನ್ನನ್ನು ನೋಡಿದ, ಕುರ್ಚಿಯಲ್ಲಿ ಕೂತ. "ಹಂಗಾರ ಬೂಟು ಮುಗಿಸೇ ಬರ್ರಿ. ಆದ್ರ ಕೈ ತೊಳಿಯೂದು ನನಗ ಕಾಣಬೇಕು."

೪. ಕೈತುಂಬ ಕಬ್ಬಿಣ

ಶುಚಿ ಫಲ ಕೊಟ್ಟಿತು. ವಾರಗಟ್ಟಲೆ ಬೀಳಲಿಲ್ಲ. ಒಂದು ಭಾನುವಾರ ತುರಹಳ್ಳಿಯಿಂದ ಜಯನಗರಕ್ಕೆ ವಾಪಸ್ ಬರುತ್ತಿದ್ದೆ. ತರಕಾರಿ ಮಾರ್ಕೆಟ್ಟಿನ ಹತ್ತಿರ ಸಿಗ್ನಲ್ ಕೆಂಪಾಯಿತು. ನಾನು ಠೀವಿಯಿಂದ ಎಡಗಾಲು ಬಿಡಿಸಿಕೊಂಡೆ. ಸೈಕಲ್ ಬಲಕ್ಕೆ ವಾಲಿತು.

ಬಿದ್ದೆ. ಏಟೇನೂ ಆಗಲಿಲ್ಲ, ಆದರೆ ಪೆಡಲು ಕಚ್ಚಿಕೊಂಡಿದ್ದ ಬಲಗಾಲು ಸೈಕಲ್ಲಿನ ಅಡಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಕಾಲು ಒದರತೊಡಗಿದೆ. ನೋಡಿದವರಿಗೆ ಅದು ಬೇರೆಯೇ ಕಂಡಿತು.

"ಫಿಟ್ಸ್ ಗುರು, ಫಿಟ್ಸ್. ಕೈಗೆ ಕಬ್ಬಿಣ ಕೊಡಿ," ಎಂದ ಒಬ್ಬ ಆಟೋದವನು. ತನ್ನ ಬೀಗದ ಕೈ ಗೊಂಚಲನ್ನು ನನ್ನ ಬಲಗೈಗೆ ತುರುಕಿದ. ತರಕಾರಿಯಣ್ಣ ತಕ್ಕಡಿಯಿಂದ ತೂಕದ ಕಲ್ಲನ್ನು ತಂದು ಎಡಗೈಗೆ ಕೊಟ್ಟು, ಮುಷ್ಟಿ ಮುಚ್ಚಿ ಹಿಡಿದುಕೊಂಡ. ಡಾಕ್ಟರಾದ ನಾನು ಹೇಳಬೇಕಲ್ಲ, "ಇದೆಲ್ಲ ಬೇಡ, ಬಿಡ್ರಪ್ಪಾ," ಎಂದೆ.

"ಬಡಬಡಿಸ್ತಿದಾರೆ, ಬಿಗಿಯಾಗಿ ಹಿಡ್ಕೊಳ್ಳಿ," ಎಂದರು ಸುತ್ತ ನೆರೆದವರು.

ಎರಡೂ ಕೈ ಅವರ ವಶದಲ್ಲಿದ್ದುದರಿಂದ ಬೂಟಿನ ಪಟ್ಟಿ ಬಿಚ್ಚುವಂತೆಯೂ ಇಲ್ಲ. ಅಷ್ಟರಲ್ಲಿ ಗುಂಪಿನ ಹಿಂದೆ ಪರಿಚಯದ ದನಿ ಕೇಳಿತು. "ಸ್ವಲ್ಪ ಜಾಗ ಬಿಡ್ರಪ್ಪ." ನುಗ್ಗೇಕಾಯಿ ಇಣುಕುತ್ತಿದ್ದ ಚೀಲ ಹಿಡಿದು ಅತ್ತೆ ಬರುತ್ತಿದ್ದರು.

ಬಿದ್ದೆ ಎಂದರೆ ಪೆಡಲು ಹೋಯಿತು. ಫಿಟ್ಸ್ ಎಂದರೆ ಉಳಿಯಿತು. ನಾನು ಫಿಟ್ಸನ್ನೇ ಆರಿಸಿಕೊಂಡು ಕಣ್ಣು ಮುಚ್ಚಿದೆ.

"ಹತ್ರ ಬರ್ಬೇಡಿ ಅಜ್ಜಿ, ಮೇಡಂಗೆ ಫಿಟ್ಸು," ಎಂದ ತರಕಾರಿಯಣ್ಣ.

"ಸೈಕಲ್ಲು ಸ್ವಲ್ಪ ಎತ್ತು," ಎಂದರು ಅತ್ತೆ. ಚೀಲ ಕೆಳಗಿಟ್ಟು ಬಗ್ಗಿ ನನ್ನ ಹಿಮ್ಮಡಿ ಹಿಡಿದರು, ಹೊರಕ್ಕೆ ತಿರುಗಿಸಿದರು. ಟಕ್. ನನ್ನ ಅಭ್ಯಾಸವನ್ನು ಬಾಲ್ಕನಿಯಿಂದ ನೋಡಿಯೇ ಅವರು ಕಲಿತುಬಿಟ್ಟಿದ್ದರು. ನಾನು ಎದ್ದು ನಿಂತೆ.

ಜನ ಇನ್ನಷ್ಟು ಹತ್ತಿರಕ್ಕೆ ನುಗ್ಗಿದರು. ಹಿಮ್ಮಡಿ ತಿರುಗಿಸಿ ಫಿಟ್ಸ್ ಬಿಡಿಸುವವರನ್ನು ಅವರು ಕಂಡಿರಲಿಲ್ಲ. ಮೊದಲು ಆಟೋದವನು ಮುಂದೆ ಬಂದ. "ಅಜ್ಜಿ, ನಂಗೆ ಸೊಂಟ ಹಿಡ್ಕೊಂಡು ತಿಂಗಳಾಯ್ತು." ಹಿಂದೆಯೇ ಹೂವಿನ ಅಕ್ಕ ಮಂಡಿ ತೋರಿಸಿದಳು. ಇಷ್ಟು ವರ್ಷದಲ್ಲಿ ನನ್ನ ಕ್ಲಿನಿಕ್ಕಿನ ಮುಂದೆ ಅಷ್ಟು ಜನ ನಿಂತದ್ದಿಲ್ಲ. ಅತ್ತೆ ಪ್ರತಿಯೊಬ್ಬರ ಕಷ್ಟವನ್ನೂ ಗಂಭೀರವಾಗಿ ಕೇಳಿ, ಬೆಳಗ್ಗೆ ಬೇಗ ಎದ್ದು ನಡೆಯಲು ಹೇಳಿ ಕಳಿಸಿದರು. ತರಕಾರಿಯಣ್ಣ ಅವರ ಚೀಲಕ್ಕೆ ಕೊತ್ತಂಬರಿ ಕಟ್ಟೊಂದನ್ನು ಕೈಮುಗಿದು ಹಾಕಿದ.

ಮನೆ ದಾರಿಯಲ್ಲಿ ಸೈಕಲ್ ತಳ್ಳುತ್ತಾ, ಅಂಜುತ್ತಲೇ ಕೇಳಿದೆ. "ಅತ್ತೆ, ಪೆಡಲು ಗುಜರಿಗೆ ಹಾಕ್ತೀರಾ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಇರ್ಲಿ ಬಿಡು. ಆದ್ರೆ ಇನ್ಮೇಲೆ ಬೀಳೋದಿದ್ರೆ ಮಾರ್ಕೆಟ್ ಹತ್ರಾನೇ ಬೀಳು. ಭಾನುವಾರ ಈ ಹೊತ್ತಿಗೆ ನಾನು ಇಲ್ಲೇ ಇರ್ತೀನಿ."