ಮೂರು ದಿನದ ಸುರ್ನಳಿ

ಐವತ್ತು ದಾಟಿದ ಗಂಡಸಿಗೆ ಹೊಸ ಉತ್ಸಾಹ ಹುಟ್ಟಬಾರದು. ಹುಟ್ಟಿದರೂ ಅದು ಅಡುಗೆಮನೆಯ ಕಡೆಗೆ ತಿರುಗಬಾರದು. ಹೂವಿನ ಗಿಡ, ಯೋಗ, ಸಂಜೆಯ ವಾಕಿಂಗ್, ಹೀಗೆ ಮನೆಯವರಿಗೆ ತೊಂದರೆ ಕೊಡದ ಹವ್ಯಾಸಗಳು ಬೇಕಾದಷ್ಟಿವೆ. ನನಗೆ ಹುಟ್ಟಿದ ಉತ್ಸಾಹ ಮಾತ್ರ ಉಳಿದ ದೋಸೆಯ ಮೇಲೆ. ದೋಸೆ ಎರೆಯುವವರು ಊರು ತುಂಬ ಇದ್ದಾರೆ ಬಿಡಿ. ಆದರೆ ಭಾನುವಾರ ಎರೆದ ದೋಸೆಯನ್ನು ಬುಧವಾರ ಈಗಷ್ಟೇ ಕಾವಲಿಯಿಂದ ಇಳಿಸಿದ ಹಾಗೆ ತಿನ್ನಿಸುವವರು ಎಷ್ಟು ಜನ ಇದ್ದಾರೆ, ಹೇಳಿ ನೋಡೋಣ!

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ಸುಲಭಾಳ ವರ್ಗ. ಅಂಕೋಲೆಯಲ್ಲಿದ್ದವಳನ್ನು ಕಾರವಾರದ ಕಚೇರಿಗೆ ಹಾಕಿದರು. ನಮ್ಮ ಮನೆ ಅಂಕೋಲೆಗೆ ಹತ್ತಿದ ಬಾಳೆಗುಳಿಯಲ್ಲಿ. ಅವಳು ಏಳೂಕಾಲಿನ ಬಸ್ಸು ಹಿಡಿಯಬೇಕು. ನನ್ನ ಆಫೀಸು ಅಂಕೋಲೆಯಲ್ಲೇ, ಅದೂ ಹತ್ತು ಗಂಟೆಗೆ. ಹಾಗಾಗಿ ಬೆಳಗಿನ ತಿಂಡಿ ನ್ಯಾಯವಾಗಿಯೇ ನನ್ನ ತಲೆಗೆ ಬಂತು. ಐದಕ್ಕೆ ಏಳುವುದು ನನ್ನ ಜಾತಕದಲ್ಲಿ ಇಲ್ಲ. ಒಂದು ವಾರ ಅವಳು ಬರೀ ಬಾಳೆಹಣ್ಣು ತಿಂದು ಬಸ್ಸು ಹತ್ತಿದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ಭಾನುವಾರವೇ ಮೂವತ್ತು ದೋಸೆ ಎರೆದಿಟ್ಟರೆ ವಾರದ ಅರ್ಧ ದಾಟಿತಲ್ಲ ಎಂದು ಹೊಳೆದಾಗ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಮೊದಲ ಭಾನುವಾರ ಬಿಸಿಬಿಸಿ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮಾರನೆಯ ದಿನ ನೋಡಿದರೆ ಡಬ್ಬಿಯಲ್ಲಿ ಮೂವತ್ತು ದೋಸೆ ಇರಲಿಲ್ಲ, ಒಂದೇ ಇತ್ತು. ಸುಲಭಾ ಅದನ್ನು ಚಾಕುವಿನಿಂದ ಕೊಯ್ದು, "ಯಾರ ಹುಟ್ಟುಹಬ್ಬ?" ಎಂದು ಕೇಳಿದಳು. ಮುಂದಿನ ವಾರ ಬಿಡಿಬಿಡಿಯಾಗಿ, ಮುಚ್ಚದೆ ಫ್ರಿಜ್ಜಿನಲ್ಲಿಟ್ಟೆ. ಅವು ಚಪ್ಪಲಿಯ ಅಟ್ಟೆಯಾದವು. ನಾನೇನು ಬಿಡುವವನೇ? ಮೂರನೆಯ ವಾರ ದೋಸೆಗಳನ್ನು ಮೊರದಲ್ಲಿ ಹರಡಿ ಪೂರ್ತಿ ಆರಿಸಿ, ಎರಡೆರಡರ ನಡುವೆ ಬೆಂಕಿಗೆ ಬಾಡಿಸಿದ ಬಾಳೆಲೆಯ ತುಂಡು ಇಟ್ಟು, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ತಿನ್ನುವಾಗ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು, ದೋಸೆಯ ಸುತ್ತ ನಾಲ್ಕು ಹನಿ ನೀರು ಚಿಮುಕಿಸಿ, ಒಂದು ನಿಮಿಷ ಮುಚ್ಚಳ ಮುಚ್ಚಿದೆ. ತೆಗೆದರೆ, ಅಬ್ಬಾ! ಹಬೆಯಾಡುವ ದೋಸೆ, ಹತ್ತಿಯ ಹಾಗೆ ಮೆತ್ತಗೆ! ಸುಲಭಾ ಎರಡು ತಿಂದು ಮೂರನೆಯದಕ್ಕೆ ತಟ್ಟೆ ಚಾಚಿದಳು. ಆ ದಿನ ನಾನು ಆಫೀಸಿನಲ್ಲಿ ಬಂದವರಿಗೆಲ್ಲ ಕೇಳದೆಯೇ ಕುರ್ಚಿ ಎಳೆದುಕೊಟ್ಟೆ.

ಧೈರ್ಯ ಬಂದ ಮೇಲೆ, ಮುಂದಿನ ಭಾನುವಾರ ಸುರ್ನಳಿಗೇ ಕೈ ಹಾಕಿದೆ. ಅವಲಕ್ಕಿ, ಬೆಲ್ಲ, ಮಜ್ಜಿಗೆ, ಕಾಯಿ ಹಾಕಿ ರುಬ್ಬಿ, ಒಂದೇ ಮಗ್ಗುಲು ಬೇಯಿಸುವ, ಮೈತುಂಬ ತೂತುಗಳ ಸಿಹಿ ದೋಸೆ ಅದು. ಮಂಗಳವಾರ ಸಂಜೆ ಸುಲಭಾ ಬಸ್ಸಿಳಿದು ಬಂದಾಗ ಜೊತೆಗೆ ಅವಳ ತಾಯಿಯೂ ಇದ್ದರು. ನಮ್ಮ ಅತ್ತೆ ಇರುವುದು ಕಾರವಾರದ ಆಚೆ ಕಿನ್ನರದಲ್ಲಿ. ಸುರ್ನಳಿ ಮಾಡುವುದರಲ್ಲಿ ಇಡೀ ಊರಿಗೆ ಹೆಸರಾದವರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಿನ್ನೆ ಮಾಡಿದ್ದನ್ನು ಅವರು ಇವತ್ತು ಬಾಯಿಗೆ ಹಾಕುವವರಲ್ಲ. ನಿನ್ನೆಯ ಸಾರಿನ ವಾಸನೆಯನ್ನು ಅಂಗಳದಿಂದಲೇ ಗುರುತಿಸುತ್ತಾರೆ.

"ನಾಳೆ ಉಪ್ಪಿಟ್ಟು ಮಾಡಿ ಸಾಕು," ಎಂದಳು ಸುಲಭಾ ಗುಟ್ಟಾಗಿ.

"ಒಂದೇ ಒಂದು ಸಲ ನೋಡೋಣ, ಸುಲಭಾ! ಅವರಿಗೆ ಗೊತ್ತಾಗದಿದ್ರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗೂದಿಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡು ಬಡಿಸಿ."

ಬುಧವಾರ ಬೆಳಿಗ್ಗೆ ಅತ್ತೆಯ ತಟ್ಟೆಗೆ ಸುರ್ನಳಿ ಬಿತ್ತು, ಮೇಲೆ ಬೆಣ್ಣೆ. ಅವರು ಮೊದಲು ಮೂಸಿದರು. ಒಂದು ತುಂಡು ಮುರಿದು ತಿಂದರು. ಒಂದು ಮುಗಿಯಿತು, ಎರಡು ಮುಗಿಯಿತು. ಮೂರನೆಯದನ್ನು ಮುರಿಯುತ್ತ, "ಪಾಪ, ಎಷ್ಟು ಗಂಟೆಗೆ ಎದ್ರಿ ನೀವು? ಇಷ್ಟು ಮೆತ್ತಗೆ ಮಾಡೂಕೆ ನನಗೂ ಸಲ ಸಲಕ್ಕೆ ಆಗೂದಿಲ್ಲ," ಎಂದರು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಸುಲಭಾ ಮೇಜಿನ ಕೆಳಗೆ ನನ್ನ ಕಾಲನ್ನು ತುಳಿದೂ ತುಳಿದಳು. ಆದರೆ ಬೇಗ ಏಳದವನನ್ನು ಬೇಗ ಎದ್ದದ್ದಕ್ಕೆ ಹೊಗಳಿದರೆ, ಮೂರು ವಾರ ಪಟ್ಟ ಕಷ್ಟದ ಗತಿ ಏನು?

"ಅತ್ತೆ, ಇದು ಇವತ್ತಿನದಲ್ಲ!" ಎಂದೆ, ಬಹುಮಾನ ಗೆದ್ದವನ ಹಾಗೆ. "ಭಾನುವಾರದ್ದು!"

ಅತ್ತೆಯ ಕೈ ಬಾಯಿಯ ಹತ್ತಿರ ನಿಂತಿತು. "ಯಾವ ಭಾನುವಾರ?"

"ಮೊನ್ನೆಯದೇ, ಅತ್ತೆ."

ಅವರು ತುಂಡನ್ನು ತಟ್ಟೆಗೆ ಇಳಿಸಿ, ಕೈ ತೊಳೆದು, ಎರಡು ಸಲ ಬಾಯಿ ಮುಕ್ಕಳಿಸಿ ಬಂದರು. "ಅಳಿಯಂದಿರಿಗೆ ಬಯ್ಯೂದು ಸರಿಯಲ್ಲ. ನಾನು ಬಯ್ಯೂದಿಲ್ಲ," ಎಂದು, ನಾಲ್ಕು ದಿನಕ್ಕೆಂದು ತಂದ ಚೀಲವನ್ನು ಎತ್ತಿಕೊಂಡು ಮಗಳ ಜೊತೆ ಏಳೂಕಾಲಿನ ಬಸ್ಸಿಗೆ ಹೊರಟೇಬಿಟ್ಟರು. ಸುಲಭಾ ಗೇಟಿನಲ್ಲಿ ತಿರುಗಿ, "ಖುಷಿಯಾಯ್ತಾ?" ಎಂದಳು. ಮುಂದೆ ಮೂರು ದಿನ ಆ ಮಾತಿಗೆ ಇನ್ನೊಂದು ಮಾತು ಸೇರಲಿಲ್ಲ. ನಾನು ಬೆಳಿಗ್ಗೆ ಬೆಳಿಗ್ಗೆ ಎದ್ದು ಉಪ್ಪಿಟ್ಟು ಕೆದಕಿದೆ. ಮುದುಕಿಯ ಮನಸ್ಸು ನೋಯಿಸಿದೆನಲ್ಲ ಎಂಬ ಸಂಕಟಕ್ಕೆ ಅದೂ ಎರಡು ಸಲ ತಳ ಹಿಡಿಯಿತು.

ಹದಿನೈದು ದಿನ ಕಳೆದ ಮೇಲೆ ಕಿನ್ನರದಿಂದ ಫೋನು ಬಂತು. ನನಗೇ.

"ಪಕ್ಕದ ಮನೆ ಸೊಸೆ ಕೇಳ್ತಾ ಇದ್ಲು," ಎಂದರು ಅತ್ತೆ, "ಸುಲಭಾ ಹೇಳಿದ ಆ ಬಾಳೆಲೆ ಎಲ್ಲಾ ದೋಸೆಗೂ ಇಡೂದಾ, ಎರಡೆರಡಕ್ಕೆ ಸಾಕಾ?"

ನನಗೆ ಸ್ವರ್ಗ ಮೂರೇ ಗೇಣು! ಮೊರದಿಂದ ಹಿಡಿದು ಮುಚ್ಚಳದ ತನಕ ಉಸಿರು ಬಿಡದೆ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ನೀರು ಚಿಮುಕಿಸಿದ್ರೆ ಅಂಚು ರಬ್ಬರಾಗ್ತದೆ. ತೆಂಗಿನಕಾಯಿ ಹಾಲು ಚಿಮುಕಿಸಿ ನೋಡಿ. ನಾಲ್ಕನೇ ದಿನಕ್ಕೂ ಮೆತ್ತಗಿರ್ತದೆ," ಎಂದರು.

"ಸೊಸೆ ಹೇಳಿದ್ದಾ?"

"ಹೂಂ, ಅವಳೇ," ಎಂದು ಫೋನಿಟ್ಟರು.

ಅಂದೇ ಕಾಯಿ ತುರಿದು ಹಾಲು ಹಿಂಡಿ ಮಾಡಿ ನೋಡಿದೆ. ಏನು ಹೇಳಲಿ! ನನ್ನ ನೀರಿನ ದೋಸೆ ಅದರ ಮುಂದೆ ಏನೂ ಅಲ್ಲ. ಮರುದಿನ ಡಬ್ಬಿ ತುಂಬಿ ಆಫೀಸಿಗೆ ಒಯ್ದು, ಹಾಲು ಚಿಮುಕಿಸುವ ಗುಟ್ಟನ್ನೂ ಎಲ್ಲರಿಗೆ ಹೇಳಿದೆ. ಬಿಣಗಾದಿಂದ ಬರುವ ನಮ್ಮ ಹೆಡ್ ಕ್ಲಾರ್ಕ್ ನಾಲ್ಕು ತಿಂದು, ಬೆರಳು ನೆಕ್ಕಿ, "ಈ ತೆಂಗಿನ ಹಾಲಿನ ಉಪಾಯ ಯಾರು ಕಲಿಸಿದ್ದು ಮಾರಾಯ್ರೆ? ನೀವೇ ಕಂಡುಹಿಡಿದದ್ದಾ?" ಎಂದು ಕೇಳಿದರು. ಮೊದಲ ಸಲ ನಾನು, ಅತ್ತೆಯ ಹೆಸರೆತ್ತದೆ, ಬಾಯಿ ಮುಚ್ಚಿಕೊಂಡು ವಿನಯದಿಂದ ತಲೆ ತಗ್ಗಿಸಿದೆ. ಇನ್ನೂ ತಗ್ಗಿಸಿಯೇ ಇದ್ದೇನೆ.