ಆರತಿ ಎತ್ತಿಸಿಕೊಂಡ ಬಾತುಕೋಳಿಗಳು

ಮನುಷ್ಯರಾಗಿ ಹುಟ್ಟಿದ ಮೇಲೆ ಯಾವುದಾದರೂ ಒಂದು ವಿಷಯದಲ್ಲಿ ಜಂಭ ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲದರಲ್ಲೂ ವಿನಯ ತೋರಿಸುವವರನ್ನು ಕಂಡರೆ ನನಗೆ ಸಣ್ಣ ಅನುಮಾನ. ನನ್ನ ವೈದ್ಯಕೀಯದ ಬಗ್ಗೆ ನನಗೆ ಜಂಭವಿಲ್ಲ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಜಿಪಿಯಾಗಿ ದಿನವಿಡೀ ಊರಿನವರ ಕೆಮ್ಮು ಕೇಳುವವಳಿಗೆ ಅದು ತಾನಾಗಿಯೇ ಇಳಿದುಹೋಗುತ್ತದೆ. ಅಡುಗೆಯ ಬಗ್ಗೆಯೂ ಇಲ್ಲ. ನನ್ನ ಸಾರು ಉಂಡವರೆಲ್ಲ ಅದಕ್ಕೆ ಸಾಕ್ಷಿ. ಆದರೆ ಬಣ್ಣ ಹಚ್ಚುವ ವಿಷಯಕ್ಕೆ ಬಂದರೆ ನಾನು ಯಾರಿಗೂ ಸೊಪ್ಪು ಹಾಕುವವಳಲ್ಲ. ಮೈಸೂರಿನಲ್ಲಿ ದಸರಾ ಹತ್ತಿರ ಬಂತೆಂದರೆ ಪೆಟ್ಟಿಗೆಯಿಂದ ಹೊರಬಂದ ಗೊಂಬೆಗಳ ರಿಪೇರಿಯೆಲ್ಲ ನನ್ನದೇ. ಶೆಟ್ಟಿಯ ಮಾಸಿದ ಮೀಸೆ, ಶೆಟ್ಟಮ್ಮನ ಸೀರೆಯ ಅಂಚು, ಆನೆಯ ಜೂಲು, ಎಲ್ಲಕ್ಕೂ ಹೊಸ ಬಣ್ಣ ಬಳಿದು, ಕೊನೆಗೆ ಮುಖ ನೋಡಿಕೊಳ್ಳುವಷ್ಟು ಹೊಳಪಿನ ವಾರ್ನಿಷ್ ಕೊಡುತ್ತಿದ್ದೆ. ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಮಾರ್ಟ್‌ಗೇಜ್ ಕಟ್ಟುವ ಗೃಹಸ್ಥೆಯಾದ ಮೇಲೂ ವರ್ಷಕ್ಕೊಮ್ಮೆ ಕೈ ತುರಿಸುವುದು ನಿಂತಿಲ್ಲ.

ಈ ಸಲ ಆ ತುರಿಕೆಗೆ ಸಿಕ್ಕವರು ಪಕ್ಕದ ಮನೆಯ ಜೆಫ್ರಿ. ಶಾಲೆಯಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನಾವು ಕಸದ ಬಿನ್ ಹೊರಗಿಡಲು ಮರೆತರೆ ಇಡುವವರು ಅವರು, ಹಿಮ ಬಿದ್ದರೆ ಕಾಲು ಜಾರದಿರಲೆಂದು ನಮ್ಮ ಬಾಗಿಲ ಮುಂದೆ ಉಪ್ಪು ಚೆಲ್ಲುವವರು ಅವರು. ಒಂದು ದಿನ ಅವರ ಗ್ಯಾರೇಜಿನಲ್ಲಿ ಗೋಣಿಚೀಲದ ತುಂಬ ಮರದ ಬಾತುಕೋಳಿಗಳು ಕಂಡವು. ಬಣ್ಣವೆಲ್ಲ ಎದ್ದುಹೋಗಿ, ಪಾಪ, ಕಜ್ಜಿ ಹತ್ತಿದ ಹಾಗಿದ್ದವು. ಅವರ ತಂದೆ ಕೈಯಾರೆ ಕೆತ್ತಿದ್ದಂತೆ. ಇವಕ್ಕೆ ಡಿಕಾಯ್ ಎನ್ನುತ್ತಾರೆ. ಇವನ್ನು ನೀರಿನಲ್ಲಿ ತೇಲಿಬಿಟ್ಟರೆ ಮೇಲೆ ಹಾರುವ ನಿಜವಾದ ಬಾತುಗಳು, ಕೆಳಗೆ ನಮ್ಮವರಿದ್ದಾರೆ ಎಂದು ನಂಬಿ ಇಳಿಯುತ್ತವೆ; ಜೊಂಡಿನಲ್ಲಿ ಅಡಗಿ ಕೂತವನು ಕೋವಿ ಹಾರಿಸುತ್ತಾನೆ. ಮಂಡಿ ಕೈಕೊಟ್ಟಿರುವುದರಿಂದ ಲ್ಯಾಂಕಶೈರ್ ಕಡಲಂಚಿನ ಕೆಸರಿಗೆ ತಾನು ಹೋಗುವುದು ಇದೇ ಕೊನೆಯ ಸಲ ಎಂದರು ಜೆಫ್ರಿ. ಅಪ್ಪನ ಬಾತುಗಳನ್ನು ಕಂಡು ಒಂದು ಹಿಂಡಾದರೂ ಇಳಿದದ್ದನ್ನು ನೋಡಿಬಿಟ್ಟರೆ ಸಾಕಂತೆ, ಆದರೆ ಸಂಧಿವಾತದ ಬೆರಳಿನಲ್ಲಿ ಬ್ರಷ್ ನಿಲ್ಲುವುದಿಲ್ಲವಂತೆ. ಅವರು ಕೇಳಲಿಲ್ಲ. ನಾನೇ ಚೀಲ ಎತ್ತಿಕೊಂಡು ಬಂದೆ. ಹಳೆಯ ಬಣ್ಣವನ್ನೇ ಒಂದಿಷ್ಟು ತೀಡಿದರಾಯಿತು ಎಂದು ಅವರು ಹಿಂದಿನಿಂದ ಹೇಳುತ್ತಲೇ ಇದ್ದರು.

ನನ್ನ ಗಂಡ ರಘು ಅರಿವಳಿಕೆ ತಜ್ಞ. ಜನರ ಪ್ರಜ್ಞೆ ತಪ್ಪಿಸುವುದು ಉದ್ಯೋಗವಾದರೂ, ಸ್ನಾನದ ತೊಟ್ಟಿಗೆ ಬಿದ್ದ ಜೇಡವನ್ನು ಲೋಟದಲ್ಲಿ ಹಿಡಿದು ತೋಟಕ್ಕೆ ಬಿಟ್ಟುಬರುವ ಪ್ರಾಣಿ. ಚೀಲದೊಳಗೆ ಇಣುಕಿ ನೋಡಿ ಅವನ ಮುಖ ಇಳಿದುಹೋಯಿತು.

"ಶೈಲೂ, ಒಂದು ಕೇಕ್ ತಗೊಳ್ಳೋಕೂ ಮೊಟ್ಟೆ ಇದೆಯಾ ಅಂತ ಕನ್ನಡಕ ಹಾಕ್ಕೊಂಡು ಓದ್ತೀಯ. ಈಗ ಹಕ್ಕಿ ಹೊಡಿಯೋದಕ್ಕೆ ನೀನೇ ಬಣ್ಣ ಹಚ್ಚಿಕೊಡ್ತೀಯಾ?"

ಹಚ್ಚುವುದು ಬಣ್ಣ ಮಾತ್ರ, ಕೋವಿಯಲ್ಲ. ಇಳಿಯುವುದು ಬಿಡುವುದು ಬಾತುಕೋಳಿಯ ವೈಯಕ್ತಿಕ ತೀರ್ಮಾನ ಎಂದು ವಾದಿಸಿದೆ. ವಾದ ನನಗೇ ಅಷ್ಟು ಹಿಡಿಸಲಿಲ್ಲ. ಹಾಗಿದ್ದರೂ ಆ ಮನುಷ್ಯನ ಆಸೆ ಕಣ್ಣಾರೆ ಕಂಡ ಮೇಲೆ ಚೀಲ ವಾಪಸ್ಸು ಕೊಡಲು ಮನಸ್ಸಾಗಲಿಲ್ಲ. ರಘು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ.

ಕೂತು ನೋಡಿದರೆ ಹಳೆಯ ಬಣ್ಣಕ್ಕೆ ಕಳೆಯೇ ಇಲ್ಲ. ಮಣ್ಣು, ಬೂದಿ, ಮತ್ತೆ ಮಣ್ಣು. ವರ್ಷವಿಡೀ ಮೋಡ ನೋಡುವ ಜನಕ್ಕೆ ಬಣ್ಣದ ಕಲ್ಪನೆ ಇಷ್ಟೇ ಇದ್ದೀತು ಎಂದು ಕನಿಕರಪಟ್ಟು ಎಲ್ಲವನ್ನೂ ಉಜ್ಜಿ ತೆಗೆದೆ. ಗಂಡು ಬಾತಿನ ಕತ್ತಿಗೆ ಗಿಳಿಹಸಿರು, ಎದೆಗೆ ಕುಂಕುಮಗೆಂಪು, ಕೊರಳಿನ ಬಿಳಿ ಪಟ್ಟಿಗೆ ತೆಳ್ಳಗೆ ಚಿನ್ನದ ಗೆರೆ. ಹೆಣ್ಣುಗಳು ಬರಿಯ ಕಂದು ಬಣ್ಣದಲ್ಲಿ ತೌರಿಲ್ಲದವರಂತೆ ಕಂಡಿದ್ದರಿಂದ ರೆಕ್ಕೆಗೆ ಜರಿಯ ಅಂಚು ಕೊಟ್ಟೆ. ಎಲ್ಲಕ್ಕೂ ಕಾಡಿಗೆ ತೀಡಿದ ಉದ್ದನೆಯ ಕಣ್ಣು. ಮೇಲೆ ಧಾರಾಳವಾಗಿ ವಾರ್ನಿಷ್. ಗ್ಯಾರೇಜಿನ ಥಂಡಿಗೆ ಒಣಗಲಿಲ್ಲವೆಂದು, ನಡುಮನೆಯಲ್ಲಿ ಆಗಲೇ ಜೋಡಿಸಿದ್ದ ಗೊಂಬೆಯ ಮೆಟ್ಟಿಲ ಮೇಲೆ, ಶೆಟ್ಟಿಯ ಅಂಗಡಿಯ ಪಕ್ಕದಲ್ಲಿ ಸಾಲಾಗಿ ಕೂರಿಸಿದೆ. ಏನು ಕಳೆ ಬಂತು ಅಂತೀರಿ! ರಘು ಕೂಡ ಹಾದುಹೋಗುವಾಗ ಒಂದು ಕ್ಷಣ ನಿಂತು ನೋಡಿ, ನೋಡಿಲ್ಲವೆಂಬಂತೆ ಮುಂದೆ ಹೋದ.

ನವರಾತ್ರಿ ಶುರುವಾಯಿತು. ಬರ್ಮಿಂಗ್‌ಹ್ಯಾಮಿನ ಕನ್ನಡದ ಹೆಂಗಸರು ಗೊಂಬೆ ನೋಡಲು ಬಂದರು. ಮಗನ ಮನೆಗೆ ಮೈಸೂರಿನಿಂದ ಬಂದಿದ್ದ ಸುಮಿತ್ರಮ್ಮನವರು ಬಾತುಗಳ ಮುಂದೆ ನಿಂತವರು ಅಲ್ಲಿಂದ ಅಲ್ಲಾಡಲಿಲ್ಲ. ಈಗಿನ ಕಾಲದಲ್ಲಿ ಇಂಥ ಕೈಚಳಕ ಎಲ್ಲಿದೆ ಎಂದು ನನ್ನ ಗಲ್ಲ ಸವರಿ, ಆರತಿ ಎತ್ತುವಾಗ ಒಂದೊಂದರ ಹಣೆಗೂ ಕುಂಕುಮ ಇಟ್ಟರು. ಬೇಟೆಯ ಸಾಮಾನು ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಜೆಫ್ರಿ ಇನ್ನೊಂದು ಖಾಲಿ ಚೀಲ ಹಿಡಿದು ಬಾಗಿಲಿಗೆ ಬಂದರು. ಶನಿವಾರ ಹೊರಡುವುದಿತ್ತಂತೆ. ಕಲಶ ಇಟ್ಟು ಪೂಜೆಯಾದ ಮೇಲೆ ವಿಜಯದಶಮಿ ಕಳೆಯುವ ತನಕ ಮೆಟ್ಟಿಲಿಂದ ಒಂದು ಗೊಂಬೆಯನ್ನೂ ಕದಲಿಸುವಂತಿಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳುವುದು? ಅವೆಲ್ಲ ಹಬ್ಬ ಮುಗಿಯುವವರೆಗೆ ರೋಟಾದಲ್ಲಿವೆ, ಡ್ಯೂಟಿಯ ಮೇಲಿವೆ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ, ಪ್ರಯಾಣವನ್ನು ಒಂದು ವಾರ ಮುಂದೆ ಹಾಕಿ, ಕಡಲೆಕಾಳು ಉಸ್ಲಿ ತಿನ್ನುತ್ತಾ ತಂದೆಯ ಬಾತುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ವೆರಿ ಚಿಯರ್‌ಫುಲ್" ಎಂದರು. ಈ ದೇಶದ ಜನ ಹಾಗೆಂದರೆ ಏನರ್ಥ ಎಂದು ಇಷ್ಟು ವರ್ಷ ಇಲ್ಲಿದ್ದವಳಿಗೆ ಗೊತ್ತಿರಬೇಕಿತ್ತು. ನಾನು ಹಿಗ್ಗಿ ಇನ್ನೊಂದು ಸೌಟು ಉಸ್ಲಿ ಬಡಿಸಿದೆ.

ಮುಂದಿನ ಶನಿವಾರ ಅವರು ಬೆಳಕು ಹರಿಯುವ ಮೊದಲೇ ಹೋದರು. ಸಂಜೆ ಬೇಲಿಯ ಬಳಿ ಕೆಸರುಬೂಟಿನಲ್ಲಿ ಕುಂಟುತ್ತಾ ಬಂದಾಗ, ಎಷ್ಟು ಇಳಿದವು ಎಂದು ಕೇಳಿದೆ. ಒಂದೂ ಇಲ್ಲ. ಹಿಂಡುಹಿಂಡಾಗಿ ಬಂದವಂತೆ, ಮೇಲೆ ಒಂದು ಸುತ್ತು ಹಾಕಿ ಕೆಳಗೆ ನೋಡಿದವಂತೆ, ಆಮೇಲೆ ರೆಕ್ಕೆ ಬಡಿದುಕೊಂಡು ನೀರಿನ ಆಚೆ ತುದಿಗೆ ಹೋಗಿ ಇಳಿದವಂತೆ. ಅಲ್ಲಿ ಯಾರೋ ಹಾಲಿನ ಖಾಲಿ ಪ್ಲಾಸ್ಟಿಕ್ ಬಾಟಲಿಗಳಿಗೆ ಕಪ್ಪು ಬಳಿದು ತೇಲಿಬಿಟ್ಟಿದ್ದನಂತೆ.

"ಹೊಳಪು ಕಂಡರೆ ಅವು ಹತ್ತಿರ ಬರೋದಿಲ್ಲ, ಶೈಲಾ. ನೀವು ಅಷ್ಟು ಪ್ರೀತಿಯಿಂದ ಹಚ್ಚಿದ್ರಿ. ಹೇಳೋಕೆ ಮನಸ್ಸು ಬರಲಿಲ್ಲ."

ಹೊಳೆಯುವ ಬಾತಿನಿಂದ ಕೆಲಸವಾಗದೆಂದು ಗೊತ್ತಿದ್ದೂ, ನನ್ನ ಮನಸ್ಸು ನೋಯಬಾರದೆಂದು, ಆ ಮಂಡಿಯಲ್ಲಿ ಕೆಸರು ತುಳಿದು ತಮ್ಮ ಕೊನೆಯ ಬೇಟೆಯನ್ನು ಹಾಳು ಮಾಡಿಕೊಂಡು ಬಂದಿದ್ದರು. ಒಳಗೆ ಬಂದು ಹೇಳಿದರೆ ರಘುವಿಗೆ ಹಿಡಿಸಲಾರದ ಸಂತೋಷ. ತಾನೇ ಕಾಫಿ ಮಾಡಿ ತಂದುಕೊಟ್ಟ. ಒಂದು ಇಡೀ ಹಿಂಡಿಗೆ ಪ್ರಾಣದಾನ ಮಾಡಿದ್ದೀಯ, ಇದಕ್ಕಿಂತ ದೊಡ್ಡ ಪುಣ್ಯ ಬೇಕೇ ಎಂದ. ನಿಜ, ಖುಷಿಪಡಬೇಕಾದ ವಿಷಯವೇ. ನಾನೂ ಪ್ರಯತ್ನಪಟ್ಟೆ. ಆದರೆ ನನ್ನ ಕುಂಚದಿಂದ ಹೊರಬಂದ, ಸುಮಿತ್ರಮ್ಮನವರಂಥವರಿಂದ ಆರತಿ ಎತ್ತಿಸಿಕೊಂಡ ಬಾತುಗಳನ್ನು ಬಿಟ್ಟು, ಆ ಹಕ್ಕಿಗಳು ಹಾಲಿನ ಬಾಟಲಿಯನ್ನು ಆರಿಸಿಕೊಂಡವಲ್ಲ!

ಮರುದಿನವೇ ಜೆಫ್ರಿಯ ಬಾಗಿಲು ತಟ್ಟಿ, ಮಂಡಿ ಇನ್ನೊಂದೇ ಒಂದು ಸಲಕ್ಕೆ ಒಪ್ಪೀತೇ ಎಂದು ಕೇಳಿದೆ. ಚೀಲ ಹೊರಲು ಯಾರಾದರೂ ಜೊತೆಗೆ ಬಂದರೆ ಜನವರಿಯಲ್ಲಿ ಹೋಗಬಹುದು ಎಂದರು. ನಾನೇ ಹೊರುತ್ತೇನೆ ಎಂದೆ. ಅಕಸ್ಮಾತ್ ನಿಜವಾಗಿಯೂ ಇಳಿದುಬಿಟ್ಟರೆ ಏನು ಗತಿ ಎಂದು ರಘು ಗಾಬರಿಯಿಂದ ಕೇಳುತ್ತಿದ್ದಾನೆ. ವಾರ್ನಿಷ್ ಎಲ್ಲ ಉಜ್ಜಿ ತೆಗೆದಾಯಿತು; ಹೊಳಪಿಲ್ಲದ ಬಣ್ಣದ ಡಬ್ಬಿಗಳು ಬಂದಾಯಿತು. ಈಗ ಪ್ರತಿ ಭಾನುವಾರ ಸಟನ್ ಪಾರ್ಕಿನ ಕೆರೆಯ ದಂಡೆಯಲ್ಲಿ ಕೂತು ನಿಜವಾದ ಬಾತುಗಳನ್ನು ಕಣ್ಣು ಮಿಟುಕಿಸದೆ ನೋಡುತ್ತೇನೆ. ಹೋದ ವಾರ ನಾಯಿ ಅಡ್ಡಾಡಿಸಲು ಬಂದ ಅಜ್ಜಿಯೊಬ್ಬರು ಪಕ್ಕದಲ್ಲಿ ನಿಂತು, ಹಕ್ಕಿಗಳನ್ನು ಇಷ್ಟು ಪ್ರೀತಿಸುವವರನ್ನು ಕಂಡರೆ ಮನಸ್ಸು ತುಂಬಿಬರುತ್ತದೆ ಎಂದರು. ನಾನು ಮುಗುಳ್ನಕ್ಕು ಥ್ಯಾಂಕ್ಯೂ ಹೇಳಿದೆ. ಆ ಹೆಣ್ಣುಬಾತಿನ ರೆಕ್ಕೆಯ ಕಂದಿಗೆ ಒಂದು ಚೂರು ಕಪ್ಪು ಬೆರೆಸಬೇಕೋ, ಎರಡು ಚೂರೋ ಎಂದು ಲೆಕ್ಕ ಹಾಕುತ್ತಿದ್ದೆ.